ತಡವಾದುದಕ್ಕೆ ಕಾರಣ

ಕಾರವಾರದಲ್ಲಿ ಓವರ್‌ಸೀಯರ್ ಆಗಲು ಇಂಜಿನಿಯರಿಂಗ್ ಕಲಿಯುತ್ತಿದ್ದ ಹುಡುಗರಿಗೆ ವರದಿ ಬರೆಯುವುದನ್ನು ಕಲಿಸುತ್ತಿದ್ದವರು ಕದ್ವಾಡದ ಹರಿಶ್ಚಂದ್ರ ಮಾಸ್ತರರು. ಮೋರಿ ಕುಸಿದರೆ ಏಕೆ ಕುಸಿಯಿತೆಂದು ಬರೆಯಬೇಕು. 'ದೈವೇಚ್ಛೆ' ಎಂದು ಬರೆದವನ ಕಥೆ ಅಲ್ಲಿಗೆ ಮುಗಿಯಿತು. ಕಾರಣ ಮುಚ್ಚಿಟ್ಟ ವರದಿ ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು.

ಹೆಂಡತಿ ಜಾನಕಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತೇ ನಿಂತುಹೋಗಿತ್ತು. ೧೯೩೬ರಲ್ಲಿ ಜ್ವರ ಬಂದು, ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವುದು ನಾಲ್ಕು ದಿನ ತಡವಾಯಿತು. ಅಂಕ ಕೇಳಲು ಶಿಷ್ಯ ಬೀರು ಸಂಜೆ ಕಾರವಾರದಿಂದ ನಡೆದುಕೊಂಡು ಬಂದ. ಭಾವಿಕೇರಿಯ ಗದ್ದೆಗೆಲಸದವರ ಮನೆಯಲ್ಲಿ ಓದಿದವನು ಅವನೊಬ್ಬನೇ.

"ನನ್ ಪೇಪರ್ ನೋಡಿದ್ರಾ ಮಾಸ್ತರ್ರೆ?"

"ಇಲ್ವೋ. ಕುತ್ಕ. ಚಾ ಕುಡ್ಕಂಡ್ ಹೋಗು."

ಬೀರು ಕುಳಿತ. ಊರಿನ ಸುದ್ದಿ, ತಂಗಿ ಹೊನ್ನಿಗೆ ಗಂಡು ಹುಡುಕುವ ಸುದ್ದಿ ಎಲ್ಲ ಹೇಳಿದ. ಮರುದಿನವೂ ಬಂದ. ಅಷ್ಟರಲ್ಲಿ ತಿದ್ದಿ ಮುಗಿದಿತ್ತು. ಬೀರುವಿಗೇ ಎಲ್ಲರಿಗಿಂತ ಹೆಚ್ಚು. ಆದರೂ ಮಾಸ್ತರರ ಬಾಯಿಂದ "ನಾಳೆ ಬಾ" ಎಂದೇ ಹೊರಟಿತು. ಹೀಗೆ ಹದಿನೈದು ನಾಳೆಗಳಾದವು. ಓದಿದ ಮನುಷ್ಯನಿಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಮಧ್ಯಾಹ್ನವೇ ಎರಡು ಲೋಟ ತೊಳೆದಿಟ್ಟು ದಾರಿ ಕಾಯುತ್ತಿದ್ದರು.

ಒಂದು ಸಂಜೆ ಬೀರು ಬಾಗಿಲಲ್ಲೇ ನಿಂತ.

"ಸುಂಕಸಾಳದ ಸೇತುವೆ ಕೆಲ್ಸಕ್ಕೆ ನನ್ ಹೆಸ್ರು ಇತ್ತಂತೆ. ಅಂಕ ಬರ್ಲಿಲ್ಲ ಹೇಳಿ ತಡೆದ್ರು. ತಿಂಗ್ಳೊಳಗೆ ಬರದಿದ್ರೆ ಬೇರೆಯವ್ರಿಗಂತೆ. ನನ್ ನಸೀಬು."

ಅವನು ಬೈದಿದ್ದರೆ ಎಷ್ಟೋ ಮೇಲಿತ್ತು. ಮಾಸ್ತರರು ಆಗಲೇ ಅಂಕಪಟ್ಟಿಯನ್ನು ಇಂಜಿನಿಯರರ ಕಚೇರಿಗೆ ಕಳಿಸಿದರು. ನಾಲ್ಕು ದಿನ ಜ್ವರವಿದ್ದುದರಿಂದ ತಡವಾಯಿತೆಂದು ಬರೆದರು. ಕಾಗದ ವಾಪಸು ಬಂತು. ಅಂಚಿನಲ್ಲಿ ಕೆಂಪು ಶಾಯಿ: 'ಉಳಿದ ಹದಿನೈದು ದಿನಗಳಿಗೆ ಕಾರಣವೇನು? ಕಾರಣ ತಿಳಿಯದೆ ತಡವಾದ ಅಂಕ ಒಪ್ಪಲಾಗದು.'

ಮಾಸ್ತರರು ಪೆನ್ನು ಹಿಡಿದು ಕುಳಿತರು. ಬರೆದರು: 'ಅಂಕ ಸಿಕ್ಕರೆ ಬೀರು ಮತ್ತೆ ಬರುವುದಿಲ್ಲವೆಂದು ನಾನೇ ತಡೆಹಿಡಿದೆ. ನನ್ನ ಮನೆಯಲ್ಲಿ ಮಾತಾಡುವವರು ಯಾರೂ ಇಲ್ಲ. ಹುಡುಗನ ತಪ್ಪಿಲ್ಲ.'

ವರದಿ ಕಚೇರಿಯವರ ಬಾಯಿಗೆ ಬಿತ್ತು. ಬೀರುವಿಗೆ ಕೆಲಸ ಸಿಕ್ಕಿತು, ಮಾಸ್ತರರನ್ನು ಪಾಠದಿಂದ ತೆಗೆದರು. ಹೊರಡುವ ಮುನ್ನ ಬೀರು ಕದ್ವಾಡಕ್ಕೆ ಬಂದ. ಕಚೇರಿಯ ಗುಮಾಸ್ತ ವರದಿಯನ್ನೆಲ್ಲ ಓದಿ ಹೇಳಿದ್ದನೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಚಹಾ ಕುಡಿದು ಎದ್ದ.

"ಸುಮ್ನೆ ಬಾ ಅಂದಿದ್ರೂ ಬರ್ತಿದ್ದೆ, ಮಾಸ್ತರ್ರೆ."

ಹಾಗೆ ಕರೆಯಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ.