ಬೆರಳಿಗೆ ಸಿಗದ ರಫು

ಆ ದೊಡ್ಡ ಹೋಟೆಲಿನ ಬೆನ್ನಿಗೆ, ಸಾಮಾನಿನ ಲಾರಿಗಳು ನಿಲ್ಲುವ ಕಡೆ, ಒಂದು ಸಣ್ಣ ಬಾಗಿಲಿದೆ. ಇಪ್ಪತ್ತೆರಡು ವರ್ಷ ಅವಳು ಅದೇ ಬಾಗಿಲಿನಿಂದ ಒಳಗೆ ಹೋಗಿ ಅದೇ ಬಾಗಿಲಿನಿಂದ ಹೊರಗೆ ಬಂದವಳು. ಹೋಟೆಲಿನ ಮುಖ ಸಮುದ್ರಕ್ಕಿದೆ ಎಂಬುದು ಗೊತ್ತಿತ್ತು. ಆದರೆ ಅವಳ ಪಾಲಿಗೆ ಸಮುದ್ರವೆಂದರೆ ನೆಲಮಾಳಿಗೆಯ ಗೋಡೆಯಿಂದ ಸುಣ್ಣ ಉದುರಿಸುವ ತೇವ, ಸೂಜಿಗೆ ಹಿಡಿಯುವ ತುಕ್ಕು, ಅಷ್ಟೇ.

ಅವಳ ಕೆಲಸ ರಫು ಮಾಡುವುದು. ಒಗೆದು ಬಂದ ಬೆಡ್‌ಶೀಟುಗಳನ್ನು ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಒಂದೊಂದಾಗಿ ಹರವುತ್ತಾಳೆ. ತೂತಿದ್ದಲ್ಲಿ ಬೆಳಕು ಚುಕ್ಕಿಯಾಗಿ ಇಣುಕುತ್ತದೆ. ಅದೇ ಬೆಡ್‌ಶೀಟಿನ ಮಡಿಚಿದ ಅಂಚಿನೊಳಗಿಂದ ನೂಲೆಳೆದು, ಎಳೆಗೆ ಎಳೆ ಕೂಡಿಸಿ, ಚುಕ್ಕಿ ಆರುವವರೆಗೆ ನೇಯುತ್ತಾಳೆ. ಬೇರೆ ನೂಲು ಎಷ್ಟೇ ಬಿಳಿಯಾಗಿದ್ದರೂ ನಾಲ್ಕು ಒಗೆತಕ್ಕೆ ಎದ್ದು ಕಾಣುತ್ತದೆ. ಹೋಟೆಲಿನಲ್ಲಿ ಎಲ್ಲರಿಗೂ ಅವಳು ರಫು ಅಕ್ಕ.

ಇದನ್ನು ಕಲಿಸಿದವರು ಅವಳ ಅತ್ತೆ. ಮದುವೆಯಾಗಿ ಬಂದ ಹೊಸದರಲ್ಲಿ ಗಂಡನ ಅಂಗಿಯ ಮೊಣಕೈ ಹೊಲಿದು ತೋರಿಸಿದಾಗ ಅತ್ತೆ ಕಣ್ಣು ಕಿರಿದು ಮಾಡಿ ನೋಡಿ, "ಇದು ರಫು ಅಲ್ಲ ಕಣೇ, ತೇಪೆ" ಎಂದು ವಾಪಸ್ ಕೊಟ್ಟಿದ್ದರು. ಬಿಚ್ಚಿಸಿ ಮತ್ತೆ ಹಾಕಿಸಿದರು. ಐದು ಸಲ. ಆರನೆಯದನ್ನು ಏನೂ ಹೇಳದೆ ಮಡಿಚಿಟ್ಟರು. ಚೆನ್ನಾಗಿದೆ ಎಂಬ ಮಾತು ಮಾತ್ರ ಆ ಬಾಯಿಂದ ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ. ಆ ಮಾತಿಗಾಗಿ ಅವಳು ಒಳಗೊಳಗೇ ಕಾಯುತ್ತಿದ್ದಳು. ಹೋಟೆಲಿನ ಕೆಲಸವನ್ನು ತೋರಿಸೋಣವೆಂದರೆ, ಸಣ್ಣ ಬಾಗಿಲಿನಲ್ಲಿ ಕಾವಲುಗಾರ ದಿನವೂ ಚೀಲ ಬಿಚ್ಚಿ ನೋಡುತ್ತಾನೆ. ಒಂದು ಕರವಸ್ತ್ರವೂ ಆಚೆ ಹೋಗುವಂತಿಲ್ಲ. ಎರಡು ವರ್ಷದ ಹಿಂದೆ ಅತ್ತೆಯ ಕಣ್ಣಿನ ಆಪರೇಷನ್ ಆಯಿತು. ಒಂದು ಕಣ್ಣು ಪೂರ್ತಿ ಹೋಯಿತು, ಇನ್ನೊಂದು ದಿನೇದಿನೇ ಮಂಕಾಗುತ್ತಿತ್ತು. ತೋರಿಸಬೇಕಾದ್ದನ್ನು ಬೇಗ ತೋರಿಸಬೇಕಿತ್ತು.

ಹೋಟೆಲಿನವರು ವರ್ಷಕ್ಕೊಮ್ಮೆ ಕೆಲಸದವರ ಹೆಸರು ಬರೆದು ಚೀಟಿ ಎತ್ತುತ್ತಾರೆ. ಹೆಸರು ಬಂದವರು ಮನೆಯವರೊಬ್ಬರನ್ನು ಕರೆದುಕೊಂಡು ಒಂದು ದಿನ ಅತಿಥಿಯಾಗಿ ಇರಬಹುದು. ಈ ಸಲ ಅವಳ ಹೆಸರು ಬಂತು.

"ಅತ್ತೆನ್ನ ಕರ್ಕೊಂಡು ಹೋಗ್ತೀನಿ" ಎಂದಳು ಗಂಡನಿಗೆ.

"ಪುಣ್ಯ ಬರುತ್ತೆ ನಿಂಗೆ" ಎಂದ, ಬಸ್ಸು ಓಡಿಸುವ ಗಂಡ. "ಒಂದಿನ ಹಾರ್ನ್ ಇಲ್ದೆ ನಿದ್ದೆ ಮಾಡ್ತೀನಿ."

"ಯಾರಿಗೆ ಕಣೋ ಹಾರ್ನ್ ಅಂದಿದ್ದು?" ಅತ್ತೆ ಒಳಗಿನಿಂದ ಕೂಗಿದರು.

"ಕೇಳಿಸ್ತಲ್ಲ, ಅದಕ್ಕೇ" ಎಂದು ಅವನು ಸರಸರ ಚಪ್ಪಲಿ ಮೆಟ್ಟಿ ಹೊರಟುಹೋದ.

ಅತಿಥಿಗಳ ಬಾಗಿಲಿನಿಂದ ಒಳಹೊಕ್ಕಾಗ ಮಧ್ಯಾಹ್ನ ಎರಡು ಗಂಟೆ. ನೆಲದ ನುಣುಪಿಗೆ ಹೆದರಿ ಅತ್ತೆ ಸೊಸೆಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಹದಿನೇಳನೇ ಮಹಡಿ. ಕಾರ್ಡು ತಾಗಿಸಿದರೆ ಬಾಗಿಲು ತೆರೆಯಿತು, ಗುಂಡಿ ಒತ್ತಿದರೆ ಪರದೆ ತಾನಾಗಿ ಸರಿಯಿತು. ಗೋಡೆಯ ಬದಲು ಗಾಜು, ಗಾಜಿನಾಚೆ ಸಮುದ್ರ.

ಅತ್ತೆ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತರು. "ಬೂದು ಬಣ್ಣದ್ದೇನೋ ಹರವಿದ ಹಾಗಿದೆ. ಅದೇನಾ?"

"ಅದೇ ಅತ್ತೆ."

"ಸದ್ದೇ ಇಲ್ವಲ್ಲೇ. ಸಮುದ್ರದ ಬಾಯೂ ಮುಚ್ಚಿಸಿಬಿಟ್ಟಿದಾರೆ ನಿಮ್ಮ ಹೋಟ್ಲೋರು."

ಸೊಸೆಗೆ ನಗು ಬಂತು. ಆದರೆ ಅವಳ ಕಣ್ಣಿದ್ದದ್ದು ಮಂಚದ ಮೇಲೆ. ಈ ಹೋಟೆಲಿನಲ್ಲಿ ಅವಳ ಕೈ ಸೋಕದ ಬೆಡ್‌ಶೀಟು ಅಪರೂಪ. ಹೊದಿಕೆ ಸರಿಸಿದಳು. ಬೆರಳಿಗೆ ಗಂಜಿಯ ಬಿಗಿ ತಾಗಿತು. ಬಗ್ಗಿ ಅಂಚು ನೋಡಿದಳು. ಒಮ್ಮೆಯೂ ಒಗೆಯದ ಬಟ್ಟೆ. ದಿಂಬಿನ ಕವರೂ ಹೊಸದು.

ಅಷ್ಟರಲ್ಲಿ ಆ ಮಹಡಿಯ ಕೋಣೆಗಳನ್ನು ನೋಡಿಕೊಳ್ಳುವಾಕೆ ಬಾಗಿಲು ತಟ್ಟಿ ಒಳಬಂದಳು. ಮುಖವೆಲ್ಲ ನಗು. "ಹೇಗಿದೆ ಅಕ್ಕಾ? ನಿಮಗೆ ಅಂತಲೇ ಕಟ್ಟು ಬಿಚ್ಚಿಸಿ ಹೊಸದು ಹಾಸಿದೀನಿ. ದಿನಾ ಹರಿದಿದ್ದನ್ನೇ ನೋಡ್ತೀರ, ಇವತ್ತಾದ್ರೂ ಬೇಡ ಅಂತ."

ಪ್ರೀತಿಯಿಂದ ಮಾಡಿದ್ದನ್ನು ಬೇಡವೆನ್ನುವುದು ಹೇಗೆ? ರಫು ಅಕ್ಕ ಅತ್ತೆಯ ಕಡೆ ನೋಡಿದಳು. ಅವರು ಇನ್ನೂ ಗಾಜಿಗೆ ಅಂಟಿಕೊಂಡು ಆ ಬೂದು ಬಣ್ಣದೊಳಗೆ ಏನನ್ನೋ ಹುಡುಕುತ್ತಿದ್ದರು. ಕೋಣೆ ನೋಡಿಕೊಳ್ಳುವಾಕೆಯನ್ನು ಬಾಗಿಲ ಬಳಿಗೆ ಕರೆದಳು.

"ಬೇಜಾರು ಮಾಡ್ಕೋಬೇಡ. ನಂಗೆ ರಫು ಹಾಕಿರೋ ಬೆಡ್‌ಶೀಟ್ ಬೇಕು."

"ಏನು?"

"ಹರಿದು ಹೊಲಿದಿರೋದು. ಒಂದೇ ಒಂದು."

"ಅಕ್ಕಾ, ಹೊಲಿಗೆ ಇದೆ ಅಂತ ಕಂಪ್ಲೇಂಟ್ ಕೊಡೋರನ್ನ ನೋಡಿದೀನಿ. ಹೊಲಿಗೆ ಇಲ್ಲ ಅಂತ ಕಂಪ್ಲೇಂಟ್ ಕೊಡೋರು ನೀವೊಬ್ರೇ!"

"ನಮ್ಮತ್ತೆಗೆ ತೋರಿಸ್ಬೇಕಿತ್ತು" ಎಂದಳು ಅವಳು ಸಣ್ಣಗೆ. "ಕಣ್ಣು ಪೂರ್ತಿ ಹೋಗೋದ್ರೊಳಗೆ."

ಆಕೆ ತಕ್ಷಣ ಹೊರಗೆ ಹೋದಳು. ಹತ್ತು ನಿಮಿಷದಲ್ಲಿ ಕೈಗೆ ಸಿಕ್ಕ ಬೆಡ್‌ಶೀಟೊಂದನ್ನು ತಂದಳು. ಇಬ್ಬರೂ ಮಂಚದ ಆಚೀಚೆ ನಿಂತು ಹಾಸಿದರು, ಆಕೆ ಹೊಸದನ್ನು ಎತ್ತಿಕೊಂಡು ಹೋದಳು. ಬೇರೆಯವರಿಗೆ ಕಾಣದ್ದು ಮಾಡಿದವಳಿಗೆ ಕಾಣುತ್ತದೆ. ತಲೆಯ ಕಡೆ ಒಂದು, ನಡುವೆ ಒಂದು, ಕಾಲಿನ ಕಡೆ ಅಂಚಿಗೆ ಒಂದು. ಮೂರನೆಯದನ್ನು ಕಂಡು ರಫು ಅಕ್ಕ ಬಾಗಿಲಿನತ್ತ ತಿರುಗಿದಳು. ಇದು ಬೇಡ, ಇನ್ನೊಂದು ತಾ ಎಂದು ಕೂಗುವಷ್ಟರಲ್ಲಿ ಅತ್ತೆ ಬಂದು ಮಂಚದ ಮೇಲೆ ಕೂತಾಗಿತ್ತು.

"ಏನೇ ಅದು ಗುಸುಗುಸು?"

ಇನ್ನು ಬೇರೆ ದಾರಿ ಇರಲಿಲ್ಲ. "ಇದು ನಾನು ರಫು ಮಾಡಿರೋದು ಅತ್ತೆ. ನೋಡಿ."

ಅತ್ತೆ ಕಣ್ಣಿನ ಗೋಜಿಗೇ ಹೋಗಲಿಲ್ಲ. ಬಲಗೈಯ ಬೆರಳುಗಳನ್ನು ಬಟ್ಟೆಯ ಮೇಲೆ ಊರಿ, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ, ದಿಂಬಿನ ಕಡೆಯಿಂದ ಸವರುತ್ತ ಬಂದರು. ಬೆರಳುಗಳು ಮೊದಲನೆಯದರ ಮೇಲೆ ಹಾದವು. ನಿಲ್ಲಲಿಲ್ಲ. ಅತ್ತೆ ಸ್ವಲ್ಪ ಸರಿದು ಕೂತರು. ಬೆರಳುಗಳು ಎರಡನೆಯದರ ಮೇಲೂ ಹಾದುಹೋದವು.

"ಕೆಲಸ ತೋರಿಸ್ತೀನಿ ಅಂತ ಬರೀ ಬಟ್ಟೆ ತೋರಿಸ್ತಿದೀಯಲ್ಲೇ" ಅತ್ತೆ ಗೊಣಗಿದರು.

ಕಾಲಿನ ಕಡೆ ಬಂದಾಗ ಬೆರಳು ಗಕ್ಕನೆ ನಿಂತಿತು. ಹಿಂದೆ ಹೋಯಿತು, ಮುಂದೆ ಬಂತು.

"ಹಾಂ, ಸಿಕ್ತು. ತೇಪೆ."

ಅಂಗಿಯ ಮೊಣಕೈಗೆ ಹೇಳಿದ ಅದೇ ಮಾತು, ಅದೇ ದನಿ. ಸೊಸೆಯ ಮುಖ ಸಣ್ಣದಾಯಿತು.

"ಗಂಟು ಬಿದ್ದಿದೆ. ಎಳೆ ಬಿಗಿದುಬಿಟ್ಟಿದೀಯ. ಕೈ ನಡುಗಿತ್ತಾ?"

"ಹೂಂ. ನಿಮ್ಮ ಆಪರೇಷನ್ ದಿನ ಹಾಕಿದ್ದು. ಎಷ್ಟು ಹೊತ್ತಾದ್ರೂ ಆಸ್ಪತ್ರೆಯಿಂದ ಇವರು ಫೋನೇ ಮಾಡಿರ್ಲಿಲ್ಲ."

"ರಜಾ ಹಾಕೋದಲ್ವಾ?"

"ಹಾಕಿದ್ರೆ ನೀವೇ ಬೈತಿದ್ರಿ."

"ಬೈತಿದ್ದೆ" ಎಂದು ಒಪ್ಪಿಕೊಂಡರು ಅತ್ತೆ. ಬೆರಳನ್ನು ಆ ಗಂಟಿನ ಮೇಲೆ ಮತ್ತೊಮ್ಮೆ ಆಡಿಸಿ, "ಇದೊಂದೇನಾ?" ಎಂದರು.

"ಮೂರಿದೆ. ಎರಡನ್ನ ದಾಟ್ಕೊಂಡು ಬಂದ್ರಿ."

ಅತ್ತೆ ಮತ್ತೆ ದಿಂಬಿನ ಕಡೆಗೆ ಸರಿದರು. ಮತ್ತೆ ಸವರಿದರು, ಈ ಸಲ ಇನ್ನೂ ನಿಧಾನ. ಸಿಗಲಿಲ್ಲ. ಸೊಸೆ ಪಕ್ಕದಲ್ಲಿ ಕೂತು ಅವರ ತೋರುಬೆರಳನ್ನು ಹಿಡಿದು ಆ ಜಾಗದ ಮೇಲಿಟ್ಟಳು.

"ಇಲ್ಲೇನಾ?"

"ಇಲ್ಲೇ."

"ಸುಳ್ಳು."

"ನಿಮ್ಮಾಣೆಗೂ."

ಅತ್ತೆ ಬೆರಳು ತೆಗೆಯಲಿಲ್ಲ. "ಅಂಚಿನ ನೂಲೇನಾ?"

"ಅಂಚಿನದೇ."

"ಮತ್ತೆ! ಯಾರು ಕಲಿಸಿದ್ದು?" ಎಂದರು ಗತ್ತಿನಿಂದ. ಆ ಗತ್ತು ಕೊನೆಯ ಮಾತಿನವರೆಗೆ ನಿಲ್ಲಲಿಲ್ಲ. ದನಿ ಅಲ್ಲೇ ಒದ್ದೆಯಾಯಿತು.

ಸೊಸೆ ಮುಖ ತಿರುಗಿಸಿ ಗಾಜಿನಾಚೆ ನೋಡಿದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಸಮುದ್ರವನ್ನು ಸರಿಯಾಗಿ ನೋಡಿದಳು. ದೂರದಲ್ಲಿ ನೀರು ಆಕಾಶಕ್ಕೆ ಕೂಡಿದ ಕಡೆ ಹೊಲಿಗೆ ಕಾಣುತ್ತಿರಲಿಲ್ಲ.

"ನಾಳೆ ಕೆಳಗೆ ತಗೊಂಡು ಹೋಗಿ, ಆ ಮೂರನೇದನ್ನ ಬಿಚ್ಚಿ ಸರಿಯಾಗಿ ಹಾಕ್ತೀನಿ ಅತ್ತೆ" ಎಂದಳು.

ಅತ್ತೆ ಆಗಲೇ ದಿಂಬನ್ನು ಮಂಚದ ಕಾಲಿನ ಕಡೆಗೆ ಎಳೆದುಕೊಂಡು, ತಲೆ ಅತ್ತ ಹಾಕಿ, ಆ ತೇಪೆ ಅಂಗೈ ಕೆಳಗೆ ಬರುವ ಹಾಗೆ ಮಲಗುತ್ತಿದ್ದರು.

"ಬಿಚ್ಚಬೇಡ" ಎಂದರು. "ಅದು ಹಾಗೇ ಇರಲಿ."