ಈರುಳ್ಳಿ ಚೀಲದಲ್ಲಿ ಇಳಿಸಿದ ಐಸ್

2006ರ ಜೂನ್ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ, ಕತಾರಿನ ಅಲ್ ಖೋರ್‌ನ ನಮ್ಮ ಮನೆಯ ಫ್ರೀಜರಿನಲ್ಲಿದ್ದ ನಾಲ್ಕು ಐಸ್‌ಕ್ರೀಮ್ ಡಬ್ಬಿಗಳನ್ನು ಅಮ್ಮ ಒಂದೊಂದಾಗಿ ಸಿಂಕಿಗೆ ಬಡಿದು ಖಾಲಿ ಮಾಡಿದಳು. ಒಳಗಿದ್ದದ್ದು ಐಸ್‌ಕ್ರೀಮ್ ಅಲ್ಲ. ಬೂತಾಯಿ ಮೀನಿನ ತಲೆ, ಕರುಳು, ಒಣಗಿದ ಖುಬೂಸ್ ರೊಟ್ಟಿಯ ಪುಡಿ ಸೇರಿಸಿ ಹೆಪ್ಪುಗಟ್ಟಿಸಿದ ಗಟ್ಟಿಗಳು. ಜೂನ್‌ನಲ್ಲಿ ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರೇ ಬರುತ್ತಿತ್ತು. ಅದು ಬಿದ್ದಂತೆಲ್ಲ ಗಟ್ಟಿಗಳು ಕರಗಿ, ಎದ್ದ ವಾಸನೆ ಪರದೆಗಳಿಗೂ ನನ್ನ ಸಮವಸ್ತ್ರಕ್ಕೂ ಹತ್ತಿತು. ಇಂದಿಗೂ ಮೀನು ಮಾರುಕಟ್ಟೆಯ ಒದ್ದೆ ನೆಲದಲ್ಲಿ ಆ ವಾಸನೆ ಸಿಕ್ಕರೆ ನನಗೆ ಮೊದಲು ಬರುವುದು ಸಿಟ್ಟು. ಮನೆಯ ನೆನಪು ಆಮೇಲೆ.

ಗಲ್ಫಿನ ಬಾಡಿಗೆ ಮನೆಗಳಲ್ಲಿ ಬೆಳೆದವರಿಗೆ ಗೊತ್ತು, ಮರಳಿ ಹೋಗಿ ನೋಡಲು ಅಲ್ಲಿ ಏನೂ ಉಳಿದಿರುವುದಿಲ್ಲ. ನನಗೆ ಉಳಿದಿರುವುದು ಆ ಮನೆಯ ಶುಕ್ರವಾರಗಳು. ಅಮ್ಮನ ಅಣ್ಣ ಸಂಜೀವ ಮಾವ ರಾಸ್ ಲಫ್ಫಾನ್‌ನ ಗ್ಯಾಸ್ ಸ್ಥಾವರದಲ್ಲಿ ಪೈಪ್ ಫಿಟ್ಟರ್. ಕ್ಯಾಂಪಿನಿಂದ ವಾರಕ್ಕೊಮ್ಮೆ ಬರುತ್ತಿದ್ದರು. ಮಗಳು ಮೂರು ತಿಂಗಳ ಕೂಸಾಗಿದ್ದಾಗ ಊರು ಬಿಟ್ಟವರು, ಮೂರು ವರ್ಷದಿಂದ ಅವಳನ್ನು ಫೋನಿನಲ್ಲಿ ಮಾತ್ರ ಬಲ್ಲರು. ಜೂನ್‌ನಲ್ಲಿ ಅವಳನ್ನು ಬಾಲವಾಡಿಗೆ ಕೈಹಿಡಿದು ಕರೆದುಕೊಂಡು ಹೋಗಬೇಕೆಂಬುದು ಅವರ ಒಂದೇ ಆಸೆ. ರಜೆಗೂ ದೇಶ ಬಿಟ್ಟು ಹೊರಡುವ ಪರವಾನಗಿಗೂ ಅವರ ಕಂಪನಿಯ ಮ್ಯಾನೇಜರ್ ಸಹಿ ಬೇಕಿತ್ತು. ಅಪ್ಪ ಅದೇ ಕಂಪನಿಯ ಆಫೀಸಿನಲ್ಲಿ ಗುಮಾಸ್ತರು. ದಾರಿ ತೋರಿಸಿದ್ದು ಅವರೇ: "ಮ್ಯಾನೇಜರಿಗೆ ಗಾಳದ ಹುಚ್ಚು ಭಾವ. ನಮ್ಮ ಊರಿನ ಕಡೆಯವರೇ. ನಾಲ್ಕು ವಾರ ಮೀನು ತೋರಿಸಿ, ಸಹಿ ತಾನೇ ಆಗ್ತದೆ."

ಮೀನನ್ನು ಕರೆಯುವುದು ಮಾವನಿಗೆ ಚೆನ್ನಾಗಿ ಗೊತ್ತಿತ್ತು. ಹೆಪ್ಪುಗಟ್ಟಿದ ಗಟ್ಟಿಯನ್ನು ಈರುಳ್ಳಿಯ ಬಲೆಚೀಲಕ್ಕೆ ಹಾಕಿ, ಕಲ್ಲು ಕಟ್ಟಿ, ಸಮುದ್ರದ ನೀರು ಹರಿದು ಬರುವ ದಿಕ್ಕಿಗೆ ಇಳಿಸುತ್ತಿದ್ದರು. ಐಸ್ ನಿಧಾನವಾಗಿ ಬಿಟ್ಟುಕೊಟ್ಟಂತೆ ವಾಸನೆ ಹರಿದು ಗಾಳಗಳ ಕಡೆ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ತಿಳಿನೀರಿನ ಕೆಳಗೆ ಬೆಳ್ಳಿಯ ಮಿಣುಕುಗಳು ಸುತ್ತತೊಡಗುತ್ತಿದ್ದವು. ಹಾಗೇ ಸುರಿಯಬಾರದೇಕೆ ಎಂದು ನಾನು ಕೇಳಿದ್ದೆ. "ಸುರಿದ್ರೆ ತಿಂದು ಹೋಗ್ತವೆ ಮಗಾ. ಇದು ಊಟ ಅಲ್ಲ, ಊಟದ ವಾಸನೆ. ಹೊಟ್ಟೆ ತುಂಬಬಾರದು, ಆಸೆ ಹೋಗಬಾರದು. ಹಾಗಾದ್ರೆ ಅಲ್ಲೇ ಸುತ್ತುತ್ತವೆ." ನನಗೆ ಆಗ ಒಂಬತ್ತು ವರ್ಷ. ಅದನ್ನು ಶಾಲೆಯಲ್ಲಿ ಎಲ್ಲರಿಗೂ ಹೇಳಿದ್ದೆ.

ನಾಲ್ಕು ವಾರ ಹದಿನಾರಾಯಿತು. ಮ್ಯಾನೇಜರ್ ದಡದಲ್ಲಿ ಮಡಚುವ ಕುರ್ಚಿ ಹಾಕಿ ಕೂತು ಶೇರಿ, ಹಮೂರ್ ಮೀನುಗಳನ್ನು ಎಳೆದರು. ಮಾವ ಗಾಳಕ್ಕೆ ಸಿಗಡಿ ಸಿಕ್ಕಿಸಿ ಕೊಟ್ಟರು, ಮೀನು ಬಿಡಿಸಿದರು, ಕೊನೆಗೆ ಅವರ ಕಾರಿನವರೆಗೆ ಹೊತ್ತು ತಂದು ಇಟ್ಟರು. ರಜೆಯ ಮಾತೆತ್ತಿದರೆ ಮ್ಯಾನೇಜರ್ ನಗುತ್ತಿದ್ದರು. "ಆಗ್ತದೆ ಸಂಜೀವ, ಮುಂದಿನ ವಾರ ನೋಡುವಾ. ನೀನು ಹೋದ್ರೆ ನಮಗೆ ಮೀನು ಕರೆಯುವವರು ಯಾರು ಮಾರಾಯ?" ಅಪ್ಪ ನಕ್ಕರು. ಮಾವನೂ ನಕ್ಕರು. ನಾನೂ ನಕ್ಕಿದ್ದೆ.

ಆ ಶುಕ್ರವಾರ ಬುತ್ತಿ ಡಬ್ಬಿ ತೊಳೆಯಲೆಂದು ಅಮ್ಮ ಅಪ್ಪನ ಆಫೀಸ್ ಬ್ಯಾಗಿಗೆ ಕೈ ಹಾಕಿದಳು. ಡಬ್ಬಿಯ ಕೆಳಗೆ ಮಾವನ ರಜೆ ಅರ್ಜಿ ಇತ್ತು. ಫೆಬ್ರವರಿಯಲ್ಲಿ ಬರೆದದ್ದು, ಅವರದೇ ಕೈಬರಹ. ಸಹಿಯ ಜಾಗ ಖಾಲಿ. ಮಾವ ಆ ವಾರ ಆಫೀಸಿಗೇ ಬಂದು ವಿಚಾರಿಸಿದ್ದರಿಂದ ಅಪ್ಪ ಅದನ್ನು ಮೇಜಿನ ಖಾನೆಯಿಂದ ತೆಗೆದು ಮನೆಗೆ ತಂದಿದ್ದರು.

"ಇದು ಒಳಗೆ ಹೋಗಲೇ ಇಲ್ವಾ?" ಅಮ್ಮ ಕೇಳಿದಳು.

"ಸದ್ಯಕ್ಕೆ ನಿನ್ನ ಹತ್ತಿರವೇ ಇರಲಿ ಅಂದ್ರು ಮ್ಯಾನೇಜರ್. ನಾನೆಂತ ಮಾಡ್ಲಿ? ನಮ್ಮ ವೀಸಾದ ಕಾಗದವೂ ಅವರ ಕೈಯಲ್ಲೇ ಉಂಟಲ್ಲ?"

"ಹೇಳಬಹುದಿತ್ತು. ನಾಲ್ಕು ತಿಂಗಳು ಆ ಮೀನು ನಮ್ಮ ಬಟ್ಟಲಿಗೂ ಬಿತ್ತು. ನನ್ನ ಅಣ್ಣನನ್ನೇ ಚೀಲದಲ್ಲಿ ಕಟ್ಟಿ ನೀರಿಗೆ ಇಳಿಸಿದಿರಲ್ಲ!"

ಅಪ್ಪ ಮ್ಯಾನೇಜರಿಗೆ ಹೆದರಿದ್ದು ನನಗೆ ಅರ್ಥವಾಗುತ್ತದೆ. ಪ್ರತಿ ಶುಕ್ರವಾರ ಮಾವನ ಪಕ್ಕ ಕೂತು, ಅದೇ ತಟ್ಟೆಯಿಂದ ಮೀನು ಮುರಿದು ತಿಂದು, "ಈ ವಾರ ಆಗ್ತದೆ ಭಾವ" ಎಂದದ್ದು ಇಪ್ಪತ್ತು ವರ್ಷವಾಗುತ್ತ ಬಂದರೂ ಅರ್ಥವಾಗಿಲ್ಲ. ಅವರನ್ನು ಕೇಳಿದ್ದೇನೆ. ಆ ಕಾಲ ಹಾಗಿತ್ತು ಎನ್ನುತ್ತಾರೆ. ಕಾಲ ಹಾಗಿತ್ತು, ನಿಜ. ಬ್ಯಾಗು ಮಾತ್ರ ಅವರದಾಗಿತ್ತು.

ಸಂಜೆ ಡಬ್ಬಿಗಳಿಗಾಗಿ ಬಂದ ಮಾವನ ಕೈಗೆ ಅಮ್ಮ ಅರ್ಜಿಯನ್ನಿಟ್ಟಳು. ಅವರು ಎರಡೂ ಬದಿ ತಿರುಗಿಸಿ ನೋಡಿದರು, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. "ಚಾ ಬೇಡ ತಂಗಿ" ಎಂದು ಚಪ್ಪಲಿ ಹಾಕಿಕೊಂಡರು. ಬಾಲವಾಡಿ ಶುರುವಾಗಿ ವಾರ ಕಳೆದಿತ್ತು.

ಅವರಿಗೆ ರಜೆ ಸಿಕ್ಕಿದ್ದು ಅಕ್ಟೋಬರಿನಲ್ಲಿ. ಹೋದವರು ತಿರುಗಿ ಕತಾರಿಗೆ ಬರಲಿಲ್ಲ. ನಾವಿದ್ದ ಕಟ್ಟಡವನ್ನು ಆಮೇಲೆ ಕೆಡವಿದರು. ಅಪ್ಪ ನಿವೃತ್ತರಾಗಿ ಅಮ್ಮನೊಂದಿಗೆ ಸುರತ್ಕಲ್‌ನಲ್ಲಿದ್ದಾರೆ. ಕಳೆದ ತಿಂಗಳು ಮಾವನ ಮಗಳ ಮದುವೆಯ ಕಾಗದ ಬಂತು. ಲಕೋಟೆಯ ಮೇಲೆ ಅಮ್ಮನ ಹೆಸರು ಮಾತ್ರ ಇತ್ತು.