ಬಾಯಿಗೆ ಅಡ್ಡ ಹಿಡಿದ ಹಾಳೆ

ನಾನು ನಿಂತದ್ದು ಸಿಂಧನೂರಿನ ಒಂದು ಶಾಲೆಯ ಮೂಲೆಯ ಕೊಠಡಿಯಲ್ಲಿ, ಮಕ್ಕಳ ಕಿವಿ ತಪಾಸಣೆ ಮಾಡುವವರ ಕುರ್ಚಿಯ ಹಿಂದೆ, ಎರಡು ಮೊಳ ದೂರ. ಎಡಕ್ಕೆ ಕಿಟಕಿ. ಎಂಟು ವರ್ಷದ ಹಿಂದಿನ ಚಳಿಗಾಲ, ಗುರುವಾರ, ಬೆಳಿಗ್ಗೆ ಹನ್ನೊಂದು ದಾಟಿತ್ತು. ಇಷ್ಟು ಬಿಡಿಸಿ ಹೇಳುವುದು ನೆನಪಿನ ಬಡಾಯಿಗಲ್ಲ. ನಾನು ಬಾಗಿಲಾಚೆ ನಿಂತಿದ್ದರೆ ಇದನ್ನು ಬರೆಯಬೇಕಾಗುತ್ತಿರಲಿಲ್ಲ.

ಕಳೆದ ವಾರದವರೆಗೆ ಯಾರಿಗೂ ಹೇಳಿರಲಿಲ್ಲ. ನಿವೃತ್ತಿಯಾದ ಮೇಲೆ ನನ್ನ ಕಿವಿ ಮಂದವಾಯಿತು. ಟಿವಿಯ ದನಿ ಏರಿಸಿ ಏರಿಸಿ, ಓಣಿಯವರೆಲ್ಲ ನಮ್ಮ ಮನೆಯ ವಾರ್ತೆ ಕೇಳುವಂತಾಯಿತು. ಲಿಂಗಸುಗೂರಿಗೆ ಹೋದೆ. ಅಲ್ಲಿ ಕಿವಿ ಪರೀಕ್ಷಿಸುವ ಹುಡುಗಿ ಯಂತ್ರ ಹಚ್ಚಿ ನೋಡಿದ ಮೇಲೆ, ತನ್ನ ಬಾಯಿಗೆ ಒಂದು ಹಾಳೆ ಅಡ್ಡ ಹಿಡಿದಳು.

“ಅಜ್ಜಾರ, ನಾ ಅಂದಿದ್ದು ಹಂಗ ಅನ್ರಿ.”

“ಹಾಳಿ ಯಾಕವ್ವ?”

“ತುಟಿ ನೋಡಿ ಹೇಳಿಬಿಡ್ತಾರ್ರಿ ಮಂದಿ. ನಾ ನೋಡಬೇಕಾಗಿದ್ದು ಕಿವಿ.”

ಬರೀ ಒಂದು ಹಾಳೆ. ಅಂದು ಆ ಕೊಠಡಿಯಲ್ಲಿ ಅದನ್ನು ಯಾರೂ ಹಿಡಿದಿರಲಿಲ್ಲ.

ಈರಮ್ಮ ನಾನು ಮಾಸ್ತರನಾಗಿದ್ದ ಸಾಲಗುಂದದ ಶಾಲೆಯಲ್ಲಿ ನನ್ನ ಆರನೆಯ ತರಗತಿಯ ಹುಡುಗಿ. ಆರು ವರ್ಷದವಳಿದ್ದಾಗ ಜ್ವರ ಬಂದು ಕಿವಿ ಹೋಗಿತ್ತು, ಕಲಿತ ಮಾತು ಉಳಿದಿತ್ತು. ಮೊದಲ ಸಾಲಿನಲ್ಲಿ ಕೂತು ನನ್ನ ತುಟಿ ನೋಡಿ ಪಾಠ ಕಲಿಯುತ್ತಿದ್ದಳು. ನಾನು ಬೋರ್ಡಿನ ಕಡೆ ತಿರುಗಿದರೆ ಅವಳ ಪೆನ್ನು ನಿಲ್ಲುತ್ತಿತ್ತು. ಅದಕ್ಕೇ ನಾನು ತಿರುಗದೆ ಪಾಠ ಮಾಡುವುದನ್ನು ರೂಢಿಸಿಕೊಂಡೆ. ಅದರ ಬಗ್ಗೆ ನನಗೆ ಜಂಬವೂ ಇತ್ತು.

ಅಂಗವಿಕಲ ಮಕ್ಕಳ ಶಿಬಿರದ ಸುತ್ತೋಲೆ ಬಂತು. ಯಾರಿಗೆ ಗಾಲಿಕುರ್ಚಿ, ಯಾರಿಗೆ ಕಿವಿಯ ಮಿಷನ್ ಎಂದು ಅಲ್ಲಿ ನೋಡಿ ಬರೆದುಕೊಳ್ಳುತ್ತಾರೆ. ಹೆಡ್‌ಮಾಸ್ತರು ನನ್ನನ್ನು ಕರೆದು, “ತಯಾರಿ ಮಾಡ್ಸಿ ಒಯ್ರಿ ಮಾಸ್ತರ. ಅಲ್ಲಿ ಸುಮ್ನ ನಿಂತ್ಲಂದ್ರ ನಮ್ಮ ಸಾಲಿ ಮಾನ ಹೋಗ್ತೈತಿ” ಎಂದರು.

ಮಗುವಿಗೆ ಕೇಳಿಸದಿದ್ದರೆ ಮಾತ್ರ ಮಿಷನ್ ಸಿಗುತ್ತದೆ ಎಂಬುದು ಇಬ್ಬರು ಮಾಸ್ತರಿಗೂ ಹೊಳೆಯಲಿಲ್ಲ. ತಪಾಸಣೆ ಎಂದೊಡನೆ ಗೋಡೆಗೆ ಸುಣ್ಣ, ಮಕ್ಕಳಿಗೆ ಬಾಯಿಪಾಠ. ನಮ್ಮ ಜೀವಮಾನವೆಲ್ಲ ಹಾಗೇ ಕಳೆದಿತ್ತು. ಮಸ್ಕಿಯಲ್ಲಿ ಶಿಬಿರ ಆಗಲೇ ಮುಗಿದಿತ್ತು; ಅಲ್ಲಿ ಕೇಳಿದ ಪದಗಳನ್ನು ಅಲ್ಲಿನ ಗೆಳೆಯನಿಂದ ತರಿಸಿದೆ. ಕುರಿ, ಚೀಲ, ಗಡಿಗಿ. ವಾರವಿಡೀ ಅವಳಿಂದ ಹೇಳಿಸಿದೆ.

ಅಂದು ಸಿಂಧನೂರಿನಲ್ಲಿ ಕರೆಂಟ್ ಇರಲಿಲ್ಲ, ಯಂತ್ರ ಸುಮ್ಮನೆ ಕೂತಿತ್ತು. ಹೊರಗೆ ಮಕ್ಕಳ ಸಾಲು. ತಪಾಸಣೆ ಮಾಡುವ ತರುಣ ದಣಿದಿದ್ದ. ಪಟ್ಟಿಯ ಮೇಲೆ ಬಾಗಿ ಒಂದೊಂದೇ ಪದ ಓದಿದ. ಬಾಗಿದವನ ತುಟಿ ಈರಮ್ಮನಿಗೆ ಕಾಣಲಿಲ್ಲ. ಅವಳು ತಲೆಯೆತ್ತಿ, ಅವನ ಹಿಂದೆ ನಿಂತ ನನ್ನನ್ನು ನೋಡಿದಳು.

ಶಾಲೆಗೆ ಹೋದವರಾದರೆ ನೀವು ಬಲ್ಲಿರಿ: ಸಾಹೇಬರ ಮುಂದೆ ಮಗು ಮಗ್ಗಿ ಹೇಳುವಾಗ ಮಾಸ್ತರ ತುಟಿಯೂ ಅಲುಗುತ್ತದೆ. ನನ್ನದೂ ಅಲುಗಿತು. ಮೊದಲ ಎರಡು ಪದ ರೂಢಿಯಿಂದ. ಮೂರನೆಯದಕ್ಕೆ ಅವಳ ಕಣ್ಣು ಎಲ್ಲಿದೆ ಎಂದು ನನಗೆ ಗೊತ್ತಾಯಿತು. ಉಳಿದ ಏಳನ್ನು ಗೊತ್ತಿದ್ದೇ ಹೇಳಿದೆ.

“ಹತ್ತಕ್ಕ ಹತ್ತು! ಈಕಿಗೇನೂ ಆಗಿಲ್ರಿ ಸರ, ನಾರ್ಮಲ್ ಅದಾಳ” ಎಂದು ಅವನು ಬರೆದುಕೊಂಡ.

ಬಾಗಿಲಲ್ಲಿ ತಾಯಿ ಹನುಮವ್ವ. “ಪಾಸಾದ್ಲೇನ್ರಿ ಸರ?”

“ಪಾಸಾದ್ಲವ್ವ.”

ಮಗಳ ಗಲ್ಲ ಸವರಿ ನೆಟಿಗೆ ಮುರಿದಳು. “ಹಂಗಾರ ಮಿಷನ್ ಯಾವಾಗ ಕೊಡ್ತಾರ್ರಿ?”

ಆಗ ತಿಳಿಯಿತು. ತರುಣನ ಪೆನ್ನು ಇನ್ನೂ ಅವನ ಕೈಯಲ್ಲೇ ಇತ್ತು. ಒಳಗೆ ಹೋಗಿ, ನಾನು ಹೇಳಿಕೊಟ್ಟೆ, ಇನ್ನೊಮ್ಮೆ ನೋಡಿ ಎನ್ನಬೇಕಿತ್ತು. “ಮುಂದಿನ ಸಲ ಕೊಡ್ತಾರವ್ವ” ಎಂದು ಬಸ್ಸಿನ ಕಡೆ ನಡೆದೆ.

ಮುಂದಿನ ಸಲದ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ. ಆಗಲೂ ಬಾಯಿ ಬಿಡಲಿಲ್ಲ. ಹೈಸ್ಕೂಲಿನಲ್ಲಿ ವಿಷಯಕ್ಕೊಬ್ಬ ಮಾಸ್ತರು, ಎಲ್ಲರೂ ಬೋರ್ಡಿಗೆ ಮುಖ ಮಾಡಿ ಮಾತಾಡುವವರು. ಹತ್ತನೆಯದರಲ್ಲಿ ನಪಾಸಾಗಿ ಬಿಟ್ಟಳು. ಈಗ ಮಸ್ಕಿಯಲ್ಲಿ ಕುಪ್ಪಸ ಹೊಲಿಯುತ್ತಾಳೆ.

ಲಿಂಗಸುಗೂರಿನಿಂದ ಸಿಂಧನೂರಿಗೆ ಮರಳುವ ಬಸ್ಸು ಮಸ್ಕಿಯ ಮೇಲೇ ಬರುತ್ತದೆ. ಹೊಸ ಮಿಷನ್ ಹಾಕಿಕೊಂಡು ಅಂದು ಅಲ್ಲಿ ಇಳಿದು ಈರಮ್ಮನಲ್ಲಿಗೆ ಹೋದೆ. ಅವಳ ಕಣ್ಣು ಮೊದಲು ನನ್ನ ಕಿವಿಗೇ ಹೋಯಿತು.

“ಅಯ್ಯ, ನಮ್ಮ ಸರ ನಪಾಸ್ ಆಗ್ಯಾರಲ್ಲ!” ಎಂದು ನಕ್ಕಳು.

ಅವಳಿಗೆ ಕಾಣುವಂತೆ, ನಿಧಾನವಾಗಿ, ಎಲ್ಲ ಹೇಳಿದೆ. ತಪ್ಪು ನನ್ನದು ಎಂದೆ.

“ನೀವು ಹೇಳ್ಕೊಟ್ಟಿದ್ದು ನಾ ಯಾವಾಗರ ತಪ್ಪಿ ಹೇಳೀನೇನ್ರಿ ಸರ?”

ಲಿಂಗಸುಗೂರಿಗೆ ಕರೆದೊಯ್ಯುತ್ತೇನೆ, ಬಾ ಎಂದೆ.

“ಆಗ ಬೇಕಾಗಿತ್ರಿ,” ಎಂದು ಬಟ್ಟೆಯ ಮೇಲೆ ತಲೆ ಬಗ್ಗಿಸಿದಳು. ಅವಳು ಮುಖ ಬಗ್ಗಿಸಿದ ಮೇಲೆ ನಾನು ಏನು ಹೇಳಿದರೂ ಅವಳಿಗೆ ಮುಟ್ಟುವುದಿಲ್ಲ. ಇನ್ನೂ ಎರಡು ಮಾತು ಹೇಳಿದೆ. ಕಿವಿಯ ಮಿಷನ್ನಿನಲ್ಲಿ ನನಗೆ ಒಂದೊಂದು ಹೊಲಿಗೆ ಬೀಳುವುದೂ ಕೇಳುತ್ತಿತ್ತು.

ಇದಕ್ಕೆ ಸಾಕ್ಷಿ ಯಾರೆಂದು ಕೇಳಿದರೆ, ಹೆಡ್‌ಮಾಸ್ತರು ತೀರಿಹೋದರು, ಅವರು ಆ ಕೊಠಡಿಯಲ್ಲಿ ಇರಲೂ ಇಲ್ಲ. ಬರೆದುಕೊಂಡ ತರುಣ ತಲೆ ಎತ್ತಲಿಲ್ಲ, ಏನನ್ನೂ ಕಾಣಲಿಲ್ಲ. ಹನುಮವ್ವ ಬಾಗಿಲಿನಿಂದ ನನ್ನ ತುಟಿ ಅಲುಗುವುದನ್ನು ಕಂಡಿದ್ದಳು. ಮಗಳಿಗಾಗಿ ಮಾಸ್ತರು ದೇವರನ್ನು ನೆನೆಯುತ್ತಿದ್ದಾರೆ ಅಂದುಕೊಂಡೆ ಎಂದು ಅಂದು ಬಸ್ಸಿನಲ್ಲಿ ಅವಳೇ ಹೇಳಿದ್ದಳು. ಅವಳು ಸಾಲಗುಂದದಲ್ಲಿದ್ದಾಳೆ. ಎದುರಿಗೇ ಕೂತು ಕಂಡವಳು ಈರಮ್ಮ. ಅವಳು ಮಸ್ಕಿಯಲ್ಲಿದ್ದಾಳೆ.